ಮೀನುಮನೆ: ಓವರ್‌ಫ್ಲೋಗೆ ಒಂದೇ ಪೈಪು ಸಾಕಾ?

ಹೋದ ಸಂಚಿಕೆಯಲ್ಲಿ ಸಂಪ್ (ಮೀನಿನ ಟ್ಯಾಂಕಿನ ಕೆಳಗಿಡುವ, ಫಿಲ್ಟರ್ ಮತ್ತು ಮೋಟರು ಇರುವ ಇನ್ನೊಂದು ಟ್ಯಾಂಕ್) ಬಗ್ಗೆ ನಾಲ್ಕು ಸಾಲು ಬರೆದಿದ್ದೇ ತಡ, ಪತ್ರಗಳ ಮೇಲೆ ಪತ್ರ. ಹೆಚ್ಚಿನವು ಓವರ್‌ಫ್ಲೋ ಬಗ್ಗೆಯೇ, ಅಂದರೆ ಟ್ಯಾಂಕಿನಿಂದ ನೀರು ತುಂಬಿ ಹರಿದು ಸಂಪಿಗೆ ಇಳಿಯುವ ದಾರಿ. ಮೈಸೂರಿನ ನಮ್ಮ ಗಾಜಿನ ಅಂಗಡಿಗೆ ಟ್ಯಾಂಕ್ ಮಾಡಿಸಲು ಬರುವವರು ಕೇಳುವುದೂ ಇದನ್ನೇ. ಹಾಗಾಗಿ ಈ ಸಲ ಮೀನಿನ ಕಾಯಿಲೆ, ಊಟ ಎಲ್ಲ ಬದಿಗಿಟ್ಟು ಬರೀ ಓವರ್‌ಫ್ಲೋ.

ಪ್ರಶ್ನೆ: ಮೇಡಂ, 4 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಟ್ಯಾಂಕ್ ಮಾಡಿಸ್ತಾ ಇದ್ದೇನೆ. ಕೆಳಗೆ ಸಂಪ್. ಮೂಲೆಯಲ್ಲಿ ಗಾಜಿನ ಡಬ್ಬಿ ಅಂಟಿಸಿ, ಅದರ ತಳಕ್ಕೆ ಎರಡು ತೂತು ಹೊಡೀತೀನಿ, ಒಂದರಲ್ಲಿ ನೀರು ಇಳಿಯುತ್ತೆ, ಇನ್ನೊಂದರಲ್ಲಿ ಮೋಟರಿಂದ ವಾಪಸ್ ಬರುತ್ತೆ ಅಂತಾರೆ ಟ್ಯಾಂಕ್ ಮಾಡುವವರು. ನಾನು ಓದಿ ನೋಡಿದರೆ ಡರ್ಸೋ, ಹರ್ಬಿ, ಬೀನ್‌ಅನಿಮಲ್ ಅಂತ ಏನೇನೋ ಇದೆ. ತಲೆ ಕೆಟ್ಟಿದೆ. ಯಾವುದು ಮಾಡಿಸಲಿ?
– ಓದುಗರು, ಹುಬ್ಬಳ್ಳಿ

ಉತ್ತರ: ಎರಡು ತೂತೇ ಇರಲಿ. ಆದರೆ ಎರಡೂ ನೀರು ಇಳಿಯುವುದಕ್ಕೇ ಇರಲಿ. ವಾಪಸ್ ಬರುವ ಪೈಪನ್ನು ಟ್ಯಾಂಕಿನ ಹಿಂದಿನಿಂದ ಹತ್ತಿಸಿ, ಅಂಚಿನ ಮೇಲಿಂದ ಒಳಕ್ಕೆ ಬಾಗಿಸಿ. ನೋಡಲು ಸ್ವಲ್ಪ ಚೆನ್ನಾಗಿರುವುದಿಲ್ಲ, ಒಪ್ಪುತ್ತೇನೆ. ಹಾಲ್ ಒದ್ದೆಯಾದರೆ ಅದಕ್ಕಿಂತ ಕೆಟ್ಟದಾಗಿರುತ್ತದೆ.

ಆ ಡಬ್ಬಿಯ ಮೇಲಂಚು ಕೆರೆಯ ಕೋಡಿ ಇದ್ದ ಹಾಗೆ. ಮೋಟರು ಸಂಪಿನಿಂದ ಎಷ್ಟು ನೀರು ಮೇಲೆ ತಂದು ಸುರಿಯುತ್ತದೋ ಅಷ್ಟೂ ಕೋಡಿ ಹರಿದು ಡಬ್ಬಿಗೆ ಬೀಳಬೇಕು, ಅಲ್ಲಿಂದ ಪೈಪಿನಲ್ಲಿ ಇಳಿದು ಸಂಪ್ ಸೇರಬೇಕು. ಮೇಲ್ಪದರದ ನೀರೇ ಮೊದಲು ಹೋಗುವುದರಿಂದ ಎಣ್ಣೆಯ ಹಾಗೆ ತೇಲುವ ಪೊರೆ ಟ್ಯಾಂಕಿನಲ್ಲಿ ನಿಲ್ಲುವುದಿಲ್ಲ. ಟ್ಯಾಂಕಿನ ನೀರಿನ ಮಟ್ಟವೂ ಬದಲಾಗುವುದಿಲ್ಲ. ಆವಿಯಾಗಿ ಕಮ್ಮಿಯಾಗುವುದೆಲ್ಲ ಸಂಪಿನಲ್ಲಿ ಮೋಟರು ಇರುವ ಕೊನೆಯ ಕೋಣೆಯಲ್ಲಿ ಮಾತ್ರ ಕಾಣುತ್ತದೆ.

ಈಗ ನಿಮ್ಮ ಟ್ಯಾಂಕಿನ ಲೆಕ್ಕಕ್ಕೆ ಬರೋಣ. ಅಂಚಿನವರೆಗೆ ತುಂಬಿದರೆ 9 ಘನ ಅಡಿ, ಅಂದರೆ ಸುಮಾರು 255 ಲೀಟರ್. ಗಂಟೆಗೆ ಐದಾರು ಸಲ ನೀರು ಸುತ್ತಿದರೆ ಧಾರಾಳ ಸಾಕು. ಗಂಟೆಗೆ 1500 ಲೀಟರ್ ಅಂದುಕೊಳ್ಳಿ. ಹಾಗಂತ 1500 ಎಂದು ಬರೆದಿರುವ ಮೋಟರು ತರಬೇಡಿ. ಡಬ್ಬದ ಮೇಲಿನ ಅಂಕಿ ನೀರನ್ನು ಮೇಲೆತ್ತುವ ಕೆಲಸವೇ ಇಲ್ಲದಾಗಿನದು. 3 ಮೀಟರ್ ಎತ್ತಬಲ್ಲೆ ಎನ್ನುವ ಮೋಟರು ಒಂದೂವರೆ ಮೀಟರಿಗೆ ಬಂದಾಗ ಹೆಚ್ಚು ಕಮ್ಮಿ ಅರ್ಧ ಮಾತ್ರ ಕೊಡುತ್ತದೆ. ನಿಮಗೆ 3000ದ್ದು ಸರಿಹೋಗುತ್ತದೆ.

ಡಬ್ಬಿ ಆರಿಂಚು ಚದರ ಇದ್ದರೆ ಎರಡು ಬದಿ ಸೇರಿ ಕೋಡಿ ಒಂದಡಿ ಆಯಿತು. ಒಂದಡಿ ಕೋಡಿಯ ಮೇಲೆ ಗಂಟೆಗೆ 1500 ಲೀಟರ್ ಹರಿದರೆ ನೀರು ಸುಮಾರು 8 ಮಿಲಿಮೀಟರ್ ದಪ್ಪ ನಿಲ್ಲುತ್ತದೆ. ಮೀನು ಬೀಳದಿರಲಿ ಎಂದು ಬಾಚಣಿಗೆಯಂತೆ ಹಲ್ಲು ಕೊಯ್ದರೆ ನೀರಿಗೆ ಸಿಗುವ ಜಾಗ ಅರ್ಧ ಆಗುತ್ತದೆ. ಆಗ ಮಟ್ಟ 13 ಮಿಲಿಮೀಟರಿಗೆ ಏರುತ್ತದೆ. ಇದೇನು ದೊಡ್ಡದಲ್ಲ ಅನ್ನಿಸಬಹುದು. ಆದರೆ ಕರೆಂಟು ಹೋದ ತಕ್ಷಣ ಈ ದಪ್ಪವೆಲ್ಲ ಕೆಳಗಿಳಿದು ಸಂಪಿಗೆ ಬರುತ್ತದೆ, ನೆನಪಿರಲಿ. ಅದಕ್ಕೇ ಕೋಡಿ ಉದ್ದ ಇದ್ದಷ್ಟೂ ಒಳ್ಳೆಯದು. ಮೂಲೆಯ ಡಬ್ಬಿ ಬಿಟ್ಟು, ಹಿಂದಿನ ಗಾಜಿಗೆ ಎರಡಡಿ ಉದ್ದದ ತೆಳ್ಳನೆ ಡಬ್ಬಿ ಮಾಡಿಸಿದರೆ, ಹಲ್ಲಿಲ್ಲದ ಲೆಕ್ಕದಲ್ಲಿ 5 ಮಿಲಿಮೀಟರಿಗೇ ಮುಗಿಯುತ್ತದೆ. ಪೊರೆಯನ್ನೂ ಚೆನ್ನಾಗಿ ಎಳೆಯುತ್ತದೆ.

ಹೆಸರುಗಳಿಗೆ ಹೆದರಬೇಡಿ. ಡರ್ಸೋ ಎಂದರೆ ಒಂದೇ ಪೈಪು. ಮೇಲ್ತುದಿಯಲ್ಲಿ ಟೀ (ಇಂಗ್ಲಿಷ್ T ಆಕಾರದ ಪೈಪು ಜೋಡಣೆ) ಹಾಕಿ ಬಾಯನ್ನು ಕೆಳಕ್ಕೆ ತಿರುಗಿಸಿರುತ್ತಾರೆ, ನೆತ್ತಿಯ ಮೇಲೆ ಗಾಳಿಗೆ ಒಂದು ಸಣ್ಣ ತೂತು. ನೀರು ಗಾಳಿ ಎರಡೂ ಜೊತೆಯಲ್ಲಿ ಇಳಿಯುತ್ತವೆ. ಮಾಡುವುದು ಸುಲಭ, ನಡೆಯುವುದೂ ನಡೆಯುತ್ತದೆ. ಆದರೆ ವಾಲಿಸ್ನೇರಿಯಾ ಎನ್ನುವ ನೀರುಗಿಡದ ಒಂದು ಎಲೆ ಹೋಗಿ ಬಾಯಿಗೆ ಅಂಟಿಕೊಂಡರೆ ನೀರಿಗೆ ಬೇರೆ ದಾರಿಯೇ ಇಲ್ಲ. ಟ್ಯಾಂಕಿನ ಅಂಚಿನಿಂದ ನೆಲಕ್ಕೇ.

ಹರ್ಬಿಯಲ್ಲಿ ಎರಡು ಪೈಪು. ಒಂದು ಗಿಡ್ಡ, ಅದಕ್ಕೆ ಕೆಳಗೆ ವಾಲ್ವ್. ಗಾಳಿ ಇಲ್ಲದೆ ತುಂಬಿ ಹರಿಯುತ್ತದೆ, ಅಂದರೆ ಪೂರ್ತಿ ಸೈಫನ್. ಇನ್ನೊಂದು ಉದ್ದ, ಹೆಚ್ಚು ಕಮ್ಮಿ ಸುಮ್ನೆ ನಿಂತಿರುತ್ತದೆ. ಮೊದಲನೆಯದು ಕಟ್ಟಿಕೊಂಡ ದಿನ ಎರಡನೆಯದಕ್ಕೆ ಕೆಲಸ. ಬೀನ್‌ಅನಿಮಲ್‌ನಲ್ಲಿ ಮೂರು: ಒಂದು ಸೈಫನ್, ಒಂದು ಮಿಕ್ಕ ನೀರನ್ನು ಮೆಲ್ಲಗೆ ಇಳಿಸುವುದು, ಒಂದು ಆಪತ್ತಿಗೆ. ಆರಡಿ ಮೇಲ್ಪಟ್ಟ ಟ್ಯಾಂಕಾದರೆ, ಅಥವಾ ಮನೆಗೆ ಬೀಗ ಹಾಕಿ ವಾರಗಟ್ಟಲೆ ಊರಿಗೆ ಹೋಗುವವರಾದರೆ ಮೂರು ಪೈಪು ಹಾಕಿಸಿ. ನಾಲ್ಕಡಿಗೆ ಹರ್ಬಿ ಸಾಕು. ಒಂದು ಇಂಚಿನ ಪೈಪು ಸೈಫನ್ ಆಗಿ ಹರಿದರೆ ನಿಮ್ಮ 1500 ಲೀಟರ್ ಅದಕ್ಕೆ ಲೆಕ್ಕವೇ ಅಲ್ಲ. ಆಪತ್ತಿನ ಪೈಪೂ ಒಂದು ಇಂಚಿನದೇ ಇರಲಿ. ಅದಕ್ಕೆ ಮಾತ್ರ ಯಾವ ಕಾರಣಕ್ಕೂ ವಾಲ್ವ್ ಬೇಡ. ಪ್ಲಂಬರ್ ‘ಇರಲಿ ಬಿಡಿ, ಮುಂದೆ ಬೇಕಾಗುತ್ತೆ’ ಅಂತ ಒಂದು ಕೂರಿಸಲು ನೋಡುತ್ತಾನೆ. ಬಿಡಬೇಡಿ.

ವಾಲ್ವ್ ಹೊಂದಿಸುವುದು ತಾಳ್ಮೆಯ ಕೆಲಸ. ಮೊದಲು ಪೂರ್ತಿ ತೆರೆದು ಮೋಟರು ಹಾಕಿ. ಪೈಪು ಗೊರಗೊರ ಎನ್ನುತ್ತದೆ, ಗಾಳಿ ಎಳೆಯುತ್ತಿದೆ. ಈಗ ಸ್ವಲ್ಪ ಸ್ವಲ್ಪವೇ ಮುಚ್ಚುತ್ತಾ ಬನ್ನಿ. ಡಬ್ಬಿಯಲ್ಲಿ ನೀರು ಏರುತ್ತದೆ. ಗಿಡ್ಡ ಪೈಪಿನ ಬಾಯಿ ಮುಳುಗಿ ಮೇಲೆ ಎರಡು ಮೂರು ಇಂಚು ನೀರು ನಿಂತಾಗ ಸದ್ದು ತಟ್ಟನೆ ನಿಲ್ಲುತ್ತದೆ. ಮೋಟರು ಓಡುತ್ತಿದೆಯಾ ಇಲ್ಲವಾ ಅಂತ ಸಂಪಿಗೆ ಕೈ ಹಾಕಿ ನೋಡಬೇಕು, ಅಷ್ಟು ನಿಶ್ಶಬ್ದ. ಪ್ರತಿ ಸಲ ತಿರುಗಿಸಿದ ಮೇಲೆ ಐದು ನಿಮಿಷ ಬಿಟ್ಟು ಮಟ್ಟ ನೋಡಿ, ಅವಸರ ಬೇಡ. ಕೊನೆಗೆ ಉದ್ದನೆಯ ಪೈಪಿಗೆ ದಾರದಷ್ಟು ನೀರು ಹೋಗುವಂತೆ ಬಿಡಿ. ಮೋಟರಿನ ಓಟ ದಿನದಿಂದ ದಿನಕ್ಕೆ ಸ್ವಲ್ಪ ಹೆಚ್ಚು ಕಮ್ಮಿ ಆದರೂ ಆ ದಾರ ಸರಿದೂಗಿಸಿಕೊಳ್ಳುತ್ತದೆ. ಇನ್ನೂ ಒಂದು ಲಾಭ ಇದೆ. ಒಂದು ದಿನ ಉದ್ದನೆಯ ಪೈಪು ಜೋರಾಗಿ ಸದ್ದು ಮಾಡತೊಡಗಿದರೆ, ಗಿಡ್ಡ ಪೈಪಿನಲ್ಲಿ ಏನೋ ಸಿಕ್ಕಿಕೊಂಡಿದೆ ಎಂದು ತಿಳಿಯಿರಿ.

ಇದಕ್ಕೆ ಗೇಟ್ ವಾಲ್ವ್ ಒಳ್ಳೆಯದು, ಸುತ್ತು ಸುತ್ತಾಗಿ ತಿರುಗುವುದರಿಂದ ನವಿರಾಗಿ ಹೊಂದಿಸಬಹುದು. ಆದರೆ ನಮ್ಮ ಹಾರ್ಡ್‌ವೇರ್ ಅಂಗಡಿಗಳಲ್ಲಿ ಗೇಟ್ ವಾಲ್ವ್ ಎಂದರೆ ಹಿತ್ತಾಳೆಯದನ್ನೇ ಕೊಡುತ್ತಾರೆ. ಹಿತ್ತಾಳೆಯಲ್ಲಿ ತಾಮ್ರ ಇದೆ. ಸಿಗಡಿಗೆ, ಬಸವನಹುಳುವಿಗೆ ಅದು ವಿಷ. ಸಮುದ್ರದ ನೀರಿನ ಟ್ಯಾಂಕಿಗಂತೂ ತರಲೇಬಾರದು. ಪ್ಲಾಸ್ಟಿಕ್ಕಿನದು ಸಿಗದಿದ್ದರೆ ಪಿವಿಸಿ ಬಾಲ್ ವಾಲ್ವ್ ಹಾಕಿ. ಕೂದಲೆಳೆಯಷ್ಟು ತಿರುಗಿಸಲು ಕೈ ಪಳಗಬೇಕು, ಅಷ್ಟೇ.

ಪ್ರಶ್ನೆ: ನಮ್ಮ ಟ್ಯಾಂಕಿನ ಪೈಪು ರಾತ್ರಿಯೆಲ್ಲ ಗೊಳಗೊಳ, ಗೊರ್ ಅಂತ ಸದ್ದು ಮಾಡುತ್ತದೆ. ಹಾಲ್‌ನಲ್ಲಿ ಮಲಗುವ ಅತ್ತೆಗೆ ನಿದ್ದೆ ಇಲ್ಲ, ಹಾಗಾಗಿ ಬೆಳಗ್ಗೆ ನನಗೂ ನೆಮ್ಮದಿ ಇಲ್ಲ. ಒಂದೇ ಪೈಪು ಇರೋದು. ಮೋಟರು ಆಫ್ ಮಾಡಿ ಮಲಗಬಹುದಾ?
– ಗೃಹಿಣಿ, ಶಿವಮೊಗ್ಗ

ಉತ್ತರ: ಆಫ್ ಮಾಡಬೇಡಿ. ಸಂಪಿನ ಫಿಲ್ಟರಿನಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾಕ್ಕೆ ಹರಿಯುವ ನೀರು, ಅದರ ಜೊತೆ ಬರುವ ಆಮ್ಲಜನಕ ಬೇಕು. ರಾತ್ರಿ ಪೂರ್ತಿ ನಿಂತರೆ ಅವು ಸಾಯತೊಡಗುತ್ತವೆ.

ಮೊದಲು ಸಂಪಿನ ತುದಿ ನೋಡಿ. ಪೈಪು ನೀರಿನೊಳಗೆ ಅರ್ಧ ಅಡಿ ಮುಳುಗಿದ್ದರೆ ಗಾಳಿ ಹೊರಬರಲಾರದೆ ಒದ್ದಾಡುತ್ತದೆ, ಗುಳುಂ ಗುಳುಂ ಎನ್ನುವುದು ಅದೇ. ನೀರಿನಿಂದ ಒಂದಿಂಚು ಮಾತ್ರ ಕೆಳಗಿರುವಂತೆ ಕತ್ತರಿಸಿ. ಆಮೇಲೆ ಮೇಲಿನ ಟೀಗೆ ಮುಚ್ಚಳ ಇದೆಯಾ ನೋಡಿ. ಇಲ್ಲದಿದ್ದರೆ ಹಾಕಿ, ಅದರಲ್ಲಿ ಸಣ್ಣ ತೂತು ಮಾಡಿ. ಏರ್ ಪಂಪಿನ ತೆಳು ಟ್ಯೂಬಿಗೆ ಹಾಕುವ ಪುಟ್ಟ ವಾಲ್ವನ್ನು ಆ ತೂತಿಗೆ ಕೂರಿಸಿದರೆ ತಿರುಗಿಸಿ ತಿರುಗಿಸಿ ಗಾಳಿ ಹೊಂದಿಸಬಹುದು. ಗಾಳಿ ಜಾಸ್ತಿಯಾದರೆ ಜಲಪಾತದ ಸದ್ದು, ಕಮ್ಮಿಯಾದರೆ ಡಬ್ಬಿ ತುಂಬುವುದು, ಗಬಕ್ಕನೆ ಖಾಲಿಯಾಗುವುದು, ಮತ್ತೆ ತುಂಬುವುದು. ನಡುವೆ ಒಂದು ಜಾಗ ಇದೆ, ಸಿಗುತ್ತದೆ. ಡಬ್ಬಿಯೊಳಗೆ ನೀರು ಎತ್ತರದಿಂದ ಬೀಳುವ ಸದ್ದಾದರೆ ಪೈಪನ್ನು ಉದ್ದ ಮಾಡಿ, ಕೋಡಿಯಿಂದ ಒಂದೆರಡು ಇಂಚು ಕೆಳಗಷ್ಟೇ ನೀರು ನಿಲ್ಲಲಿ.

ಅತ್ತೆಯವರಿಗೆ ನನ್ನ ನಮಸ್ಕಾರ ಹೇಳಿ.

ಪ್ರಶ್ನೆ: ಕರೆಂಟು ಹೋದಾಗಲೆಲ್ಲ ಸಂಪ್ ತುಂಬಿ ಹಾಲಿಗೆಲ್ಲ ನೀರು. ಟ್ಯಾಂಕ್ 4 ಅಡಿಗೆ ಒಂದೂವರೆ ಅಡಿ, ಸಂಪ್ ಎರಡೂವರೆ ಅಡಿಗೆ ಒಂದಡಿ. ಪ್ಲಂಬರ್ ನಾನ್-ರಿಟರ್ನ್ ವಾಲ್ವ್ ಹಾಕಿಕೊಟ್ಟ ಮೇಲೆ ಎರಡು ತಿಂಗಳು ಸರಿ ಇತ್ತು, ಈಗ ಮತ್ತೆ ಅದೇ ಕಥೆ. ಸಂಪನ್ನೇ ದೊಡ್ಡದು ಮಾಡಿಸಬೇಕಾ?
– ಓದುಗರು, ಕಲಬುರಗಿ

ಉತ್ತರ: ನಿಮ್ಮ ವಾಪಸ್ ಪೈಪಿನ ಬಾಯಿ ಟ್ಯಾಂಕಿನ ನೀರಿನೊಳಗೆ ಎಷ್ಟು ಆಳದಲ್ಲಿದೆ? ಬರೆದಿಲ್ಲ, ಆದರೆ ನಾಲ್ಕಿಂಚಾದರೂ ಇರಬೇಕು ಅಂತ ನನ್ನ ಊಹೆ. ಮೋಟರು ನಿಂತಾಗ ಅದೇ ಪೈಪು ಹಿಮ್ಮುಖವಾಗಿ ಸೈಫನ್ ಆಗುತ್ತದೆ. ತನ್ನ ಬಾಯಿಯ ಮಟ್ಟದವರೆಗೆ ಟ್ಯಾಂಕನ್ನು ಖಾಲಿ ಮಾಡಿ ಸಂಪಿಗೆ ತುಂಬುತ್ತದೆ. ನಿಮ್ಮ ಟ್ಯಾಂಕಿನಲ್ಲಿ ಒಂದಿಂಚು ಎಂದರೆ 14 ಲೀಟರ್. ನಾಲ್ಕಿಂಚಿಗೆ 56 ಲೀಟರ್. ನಿಮ್ಮ ಸಂಪಿನಲ್ಲಿ ಒಂದಿಂಚು 6 ಲೀಟರಿಗಿಂತ ಸ್ವಲ್ಪ ಕಮ್ಮಿ. ಆ 56 ಲೀಟರ್ ಹಿಡಿಯಲು ಸಂಪಿನಲ್ಲಿ ಒಂಬತ್ತೂವರೆ ಇಂಚು ಖಾಲಿ ಜಾಗ ಬೇಕು. ಎಲ್ಲಿಂದ ಬರಬೇಕು?

ನಾನ್-ರಿಟರ್ನ್ ವಾಲ್ವ್ ನಂಬಿ ಕೂರಬೇಡಿ. ಒಳಗಿನ ಬಿಲ್ಲೆ ಸರಿಯಾಗಿ ಕೂತರೆ ಮಾತ್ರ ಅದು ನೀರು ತಡೆಯುತ್ತದೆ. ಬೋರ್‌ವೆಲ್ ನೀರಿನ ಬಿಳಿ ಸುಣ್ಣ ಅಂಚಿಗೆ ಕಟ್ಟಿದರೆ, ಒಂದು ಪುಟ್ಟ ಬಸವನಹುಳು ಸಿಕ್ಕಿಕೊಂಡರೆ ಅಲ್ಲಿಗೆ ಮುಗಿಯಿತು. ನಿಮ್ಮದು ಎರಡು ತಿಂಗಳು ತಡೆದಿದ್ದೇ ಹೆಚ್ಚು.

ಪೈಪಿನ ಬಾಯನ್ನು ನೀರಿನ ಮಟ್ಟದಿಂದ ಅರ್ಧ ಇಂಚು ಮಾತ್ರ ಕೆಳಗಿರುವಂತೆ ಮೇಲಕ್ಕೆ ತನ್ನಿ. ಹಾಗೆ ಮಾಡಲು ಆಗದಿದ್ದರೆ ಅದೇ ಮಟ್ಟದಲ್ಲಿ ಪೈಪಿಗೆ 5-6 ಮಿಲಿಮೀಟರಿನ ತೂತು ಕೊರೆಯಿರಿ. ನೀರು ಅಷ್ಟು ಇಳಿದ ಕೂಡಲೇ ಗಾಳಿ ಒಳಹೋಗಿ ಸೈಫನ್ ಮುರಿಯುತ್ತದೆ. ತೂತಿಗೆ ಪಾಚಿ ಕಟ್ಟುತ್ತದೆ, ನೀರು ಬದಲಾಯಿಸುವಾಗಲೆಲ್ಲ ಒಂದು ಹಲ್ಲುಕಡ್ಡಿ ಆಡಿಸಿ. ಈಗ ಕರೆಂಟು ಹೋದರೆ ಕೋಡಿಯ ಮೇಲಿನ ದಪ್ಪ, ಈ ಅರ್ಧ ಇಂಚು ಎಲ್ಲ ಸೇರಿ ಒಂದಿಂಚು ಇಳಿಯಬಹುದು. ಸಂಪಿನಲ್ಲಿ ಎರಡೂವರೆ ಇಂಚು ಏರುತ್ತದೆ. ಡಬ್ಬಿಯದು, ಪೈಪಿನದು ಇನ್ನು ಕೆಲವು ಲೀಟರ್ ಸೇರಿಸಿಕೊಳ್ಳಿ. ಸಂಪ್ ಬದಲಾಯಿಸುವ ಖರ್ಚು ಉಳಿಯಿತು.

ಲೆಕ್ಕ ಬೇಡ ಅನ್ನುವವರು ಹೀಗೆ ಮಾಡಿ. ಮೋಟರು ಆಫ್ ಮಾಡಿ. ಇಳಿಯುವ ನೀರು ಪೂರ್ತಿ ನಿಲ್ಲಲಿ. ಸಂಪಿನಲ್ಲಿ ಅಂಚಿಗೆ ಒಂದೂವರೆ ಇಂಚು ಬಾಕಿ ಇರುವಷ್ಟು ನೀರು ತುಂಬಿ. ಈಗ ಮೋಟರು ಹಾಕಿ. ಸಂಪಿನ ಮಟ್ಟ ಇಳಿದು ಒಂದು ಕಡೆ ನಿಲ್ಲುತ್ತದೆ. ಕೊನೆಯ ಕೋಣೆಯ ಗಾಜಿನ ಮೇಲೆ ಅಲ್ಲಿ ಮಾರ್ಕರಿನಲ್ಲಿ ಗೆರೆ ಎಳೆಯಿರಿ. ಮುಂದೆ ಯಾರೇ ನೀರು ಸೇರಿಸಿದರೂ ಆ ಗೆರೆ ದಾಟಬಾರದು. ಮನೆಯವರಿಗೆಲ್ಲ ಹೇಳಿಡಿ, ಯಾಕೆಂದರೆ ‘ನೀರು ಕಮ್ಮಿ ಆಗಿತ್ತು, ಒಂದು ಬಕೆಟ್ ಹಾಕಿದೆ’ ಅನ್ನುವವರು ಪ್ರತಿ ಮನೆಯಲ್ಲೂ ಒಬ್ಬರು ಇರುತ್ತಾರೆ.

ನಿಮ್ಮ ಕಡೆಯ ಬೇಸಿಗೆಯಲ್ಲಿ ನೀರು ಬೇಗ ಆವಿಯಾಗುತ್ತದೆ. ಆವಿಯಾಗಿ ಹೋಗುವುದು ನೀರು ಮಾತ್ರ, ಲವಣ ಅಲ್ಲೇ ಉಳಿಯುತ್ತದೆ. ಮತ್ತೆ ಮತ್ತೆ ಬೋರ್‌ವೆಲ್ ನೀರನ್ನೇ ಸೇರಿಸಿದರೆ ಗಡಸುತನ ಏರುತ್ತಲೇ ಹೋಗುತ್ತದೆ. ಕಮ್ಮಿಯಾದದ್ದಕ್ಕೆ ಆರ್‌ಒ ನೀರು ಹಾಕಿ.

ಪ್ರಶ್ನೆ: ಬೆಂಗಳೂರಲ್ಲಿ ಮೂರನೇ ಮಹಡಿಯ ಬಾಡಿಗೆ ಮನೆ. 3 ಅಡಿಗೆ 1 ಅಡಿಯ ಟ್ಯಾಂಕಿನಲ್ಲಿ ಈಗಾಗಲೇ ಮೀನಿವೆ. ತೂತು ಹೊಡೆಯದೆ ಹಿಂದೆ ನೇತುಹಾಕುವ ಓವರ್‌ಫ್ಲೋ ಬಾಕ್ಸ್ ಆನ್‌ಲೈನ್‌ನಲ್ಲಿ ನೋಡಿದೆ. ತಗೊಳ್ಳಲಾ?
– ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಉತ್ತರ: ನಾನಾಗಿದ್ದರೆ ತಗೊಳ್ಳುವುದಿಲ್ಲ. ಆ ಬಾಕ್ಸಿನಲ್ಲಿ ನೀರು ಅಂಚು ಹತ್ತಿ ಇಳಿಯುವುದು ಬಾಗಿದ ಕೊಳವೆಯ ಸೈಫನ್ನಿನಿಂದ. ನೀರಿನಲ್ಲಿರುವ ಸಣ್ಣ ಸಣ್ಣ ಗುಳ್ಳೆಗಳು ಬಾಗಿನ ತುದಿಯಲ್ಲಿ ಸೇರುತ್ತಾ ಹೋಗುತ್ತವೆ. ಒಂದು ದಿನ ಸೈಫನ್ ಕಡಿಯುತ್ತದೆ. ಕೆಳಗಿನ ಮೋಟರಿಗೆ ಅದು ಗೊತ್ತಾಗುವುದಿಲ್ಲ, ಸುರಿಯುತ್ತಲೇ ಇರುತ್ತದೆ. ನೀವು ಆಫೀಸಿನಲ್ಲಿ, ನೀರು ಎರಡನೇ ಮಹಡಿಯವರ ಸೀಲಿಂಗಿನಲ್ಲಿ. ಅಡ್ವಾನ್ಸ್ ಹಣ ವಾಪಸ್ ಬರುತ್ತದೆ ಅಂತ ಇದ್ದರೆ ಅದೂ ಅನುಮಾನ.

ನಿಮ್ಮ ಟ್ಯಾಂಕಿಗೆ ಕ್ಯಾನಿಸ್ಟರ್ ಫಿಲ್ಟರ್ (ಟ್ಯಾಂಕಿನ ಹೊರಗಿಡುವ ಮುಚ್ಚಿದ ಡಬ್ಬದ ಫಿಲ್ಟರ್) ಸಾಕು. ಮೇಲಿನ ಪೊರೆ ತೆಗೆಯಲು ಸಣ್ಣ ಸರ್ಫೇಸ್ ಸ್ಕಿಮ್ಮರ್ ಸಿಗುತ್ತದೆ.

ಇಲ್ಲ, ಸಂಪ್ ಬೇಕೇ ಬೇಕು ಅಂದರೆ ಒಂದು ಷರತ್ತು. ನಿಮ್ಮ ಟ್ಯಾಂಕಿನಲ್ಲಿ ಒಂದಿಂಚು ಎಂದರೆ 7 ಲೀಟರ್. ನೀರಿನ ಮೇಲೆ ಅಂಚಿಗೆ ಒಂದೂವರೆ ಇಂಚು ಜಾಗ ಇದ್ದರೆ ಅಲ್ಲಿ ಹಿಡಿಯುವುದು ಹತ್ತು ಲೀಟರ್. ಮೋಟರು ಇರುವ ಕೋಣೆಯಲ್ಲಿ ಮೋಟರು ಎಳೆಯಬಲ್ಲ ನೀರು ಅದಕ್ಕಿಂತ ಕಮ್ಮಿ ಇರಬೇಕು. ಆಗ ಸೈಫನ್ ಕಡಿದರೂ ಕೋಣೆ ಒಣಗುತ್ತದೆ, ನೆಲ ಒಣಗಿಯೇ ಇರುತ್ತದೆ. ಮೋಟರು ಸುಡಬಹುದು. ಸುಡಲಿ, ಹೊಸದು ತರಬಹುದು. ಈ ಲೆಕ್ಕ ತೂತಿರುವ ಟ್ಯಾಂಕಿನವರಿಗೂ ಒಳ್ಳೆಯದೇ. ಶುರು ಮಾಡಿದ ದಿನವೇ ಇಳಿಯುವ ಪೈಪುಗಳ ಬಾಯಿಗೆ ಬಟ್ಟೆ ತುರುಕಿ, ಮೋಟರು ಹಾಕಿ, ಪಕ್ಕದಲ್ಲೇ ನಿಂತು ನೋಡಿ.

ಇರುವ ಟ್ಯಾಂಕಿಗೇ ತೂತು ಹೊಡೆಸುವ ಯೋಚನೆ ಇದ್ದರೆ, ಗಾಜು ಟಫನ್ಡ್ (ಕಾಯಿಸಿ ಗಟ್ಟಿ ಮಾಡಿದ್ದು) ಹೌದೋ ಅಲ್ಲವೋ ತಿಳಿದುಕೊಳ್ಳಿ. ಟಫನ್ಡ್ ಆದರೆ ಬಿಟ್ ತಾಗಿದ ಗಳಿಗೆಗೆ ಇಡೀ ಗಾಜು ಪುಡಿಪುಡಿ. ಲ್ಯಾಪ್‌ಟಾಪಿನಲ್ಲಿ ಖಾಲಿ ಬಿಳಿ ಪರದೆ ತೆರೆದು ಗಾಜಿನ ಆಚೆ ಹಿಡಿಯಿರಿ. ಈಚೆಯಿಂದ ಪೋಲರೈಸ್ಡ್ ಕೂಲಿಂಗ್ ಗ್ಲಾಸ್ ಹಾಕಿ, ತಲೆ ಓರೆ ಮಾಡಿ ನೋಡಿ. ಕಪ್ಪು ಪಟ್ಟೆ, ಕಲೆ ಕಂಡರೆ ಟಫನ್ಡ್. ಅಂಗಡಿಯಲ್ಲಿ ಅಳತೆ ಕೊಟ್ಟು ಕೊಯ್ಸಿದ ಗಾಜು ಸಾಮಾನ್ಯವಾಗಿ ಮಾಮೂಲಿ ಗಾಜು, ತೊಂದರೆ ಇಲ್ಲ. ರೆಡಿಮೇಡ್ ಟ್ಯಾಂಕುಗಳ ತಳದ ಮೇಲೆ ಮಾತ್ರ ಒಂದು ಕಣ್ಣಿರಲಿ.

ಪ್ರಶ್ನೆ: ಆಂಟಿ, ನನ್ನ ಗಪ್ಪಿ ಮರಿಗಳೆಲ್ಲ ಓವರ್‌ಫ್ಲೋದಲ್ಲಿ ಬಿದ್ದು ಸಂಪಿಗೆ ಹೋಗ್ತವೆ. ಸಾಯ್ತವಾ?
– 7ನೇ ತರಗತಿ ವಿದ್ಯಾರ್ಥಿನಿ, ಉಡುಪಿ

ಉತ್ತರ: ಪೈಪಿನಲ್ಲಿ ಜಾರಿ ಬಂದ ಮರಿಗಳು ಹೆಚ್ಚಾಗಿ ಬದುಕುತ್ತವೆ ಪುಟ್ಟಿ. ಅಪಾಯ ಇರುವುದು ಮೋಟರಿನ ಬಾಯಲ್ಲಿ. ಅದಕ್ಕೆ ಸ್ಪಂಜು ತೊಡಿಸು. ಕೋಡಿಯ ಹಲ್ಲಿನ ಮುಂದೆ ಪ್ಲಾಸ್ಟಿಕ್ ಜಾಲರಿ ಹಾಕಬಹುದು, ಆದರೆ ಎಲೆ ಕಸ ಸೇರಿ ಕಟ್ಟಿಕೊಳ್ಳುತ್ತದೆ. ದಿನಾ ಶಾಲೆಗೆ ಹೋಗುವ ಮುಂಚೆ ತೆಗೆದು ತೊಳೆಯುತ್ತೀಯಾದರೆ ಮಾತ್ರ ಹಾಕು. ದೊಡ್ಡ ಮೀನುಗಳು ಮರಿಗಳನ್ನು ತಿನ್ನುತ್ತವಲ್ಲ, ಸಂಪಿಗೆ ಬಿದ್ದವೇ ಪುಣ್ಯವಂತರು.

ಪ್ರಶ್ನೆ: ಹೊಸ ಟ್ಯಾಂಕ್. ತೂತಿಗೆ ಹಾಕಿದ ಟ್ಯಾಂಕ್ ನಿಪ್ಪಲ್ (ಗಾಜಿಗೆ ಪೈಪು ಜೋಡಿಸುವ ಭಾಗ) ಹತ್ತಿರ ಹನಿ ಹನಿ ಸೋರುತ್ತಿದೆ. ಪ್ಲಂಬರ್ ಸ್ಪ್ಯಾನರ್ ಹಾಕಿ ಇನ್ನೂ ಬಿಗಿ ಮಾಡ್ತೀನಿ ಅಂತಾನೆ. ಮಾಡಿಸಲಾ? ಸಿಲಿಕಾನ್ ಬಳಿಯಲಾ?
– ಅಂಗಡಿ ಮಾಲೀಕರು, ದಾವಣಗೆರೆ

ಉತ್ತರ: ಎರಡೂ ಬೇಡ. ಸಿಂಟೆಕ್ಸ್ ಟ್ಯಾಂಕಿಗೆ ಬಿಗಿಯುವಂತೆ ಗಾಜಿಗೆ ಬಿಗಿದರೆ ತೂತಿನಿಂದ ಅಂಚಿಗೆ ಗೆರೆ ಬೀಳುತ್ತದೆ. ತಳದ ಗಾಜೇ ಹೋಗುತ್ತದೆ.

ನೀರು ಖಾಲಿ ಮಾಡಿ ನಿಪ್ಪಲ್ ಬಿಚ್ಚಿ. ರಬ್ಬರ್ ವಾಷರ್ ಯಾವ ಕಡೆ ಇದೆ ನೋಡಿ. ಅದು ಅಗಲ ಅಂಚು ಇರುವ ಕಡೆ, ಅಂದರೆ ನೀರಿನ ಬದಿಯಲ್ಲಿ ಇರಬೇಕು. ನಟ್ಟಿನ ಕಡೆ ಹಾಕಿದರೆ ನೀರು ನಿಪ್ಪಲಿನ ಮರೆಯ (ಥ್ರೆಡ್ಡಿನ) ಸುತ್ತಿನಲ್ಲಿ ಇಳಿದು ಸೋರುತ್ತದೆ. ನೂರಕ್ಕೆ ತೊಂಬತ್ತು ಸೋರಿಕೆ ಇದೇ ಅಂತ ನಮ್ಮ ಅಂಗಡಿ ಹುಡುಗ ಹೇಳುತ್ತಾನೆ. ಅವನ ಲೆಕ್ಕ ಅವನದು, ಆದರೆ ಮಾತು ಸುಳ್ಳಲ್ಲ. ವಾಷರ್ ಸರಿ ಇದ್ದರೆ ಗಾಜಿನ ಮೇಲೆ ಸಿಲಿಕಾನ್ ಚೂರು ಅಂಟಿದೆಯಾ ಎಂದು ಉಗುರಿನಿಂದ ಸವರಿ ನೋಡಿ, ಬ್ಲೇಡಿನಿಂದ ಕೆರೆದು ತೆಗೆಯಿರಿ. ನಟ್ಟನ್ನು ಕೈಯಲ್ಲಿ ಆದಷ್ಟು ತಿರುಗಿಸಿ, ಆಮೇಲೆ ಕಾಲು ಸುತ್ತು. ಅಷ್ಟೇ. ವಾಷರ್ ಉಬ್ಬಿ ಹೊರಗೆ ಇಣುಕಿದರೆ ಜಾಸ್ತಿ ಆಯಿತು ಅಂತ.

ಹೊಸದಾಗಿ ತೂತು ಹೊಡೆಸುವವರು ನಿಪ್ಪಲನ್ನು ಮೊದಲು ತಂದು, ಅದನ್ನು ಅಳೆದು, ಆಮೇಲೆ ಬಿಟ್ ಆರಿಸಿ. ‘ಒಂದಿಂಚಿನ ನಿಪ್ಪಲ್’ ಎಂದರೆ ಪೈಪಿನ ಅಳತೆ, ತೂತು ಅದಕ್ಕಿಂತ ದೊಡ್ಡದು ಬೇಕು, ಕಂಪನಿಯಿಂದ ಕಂಪನಿಗೆ ಬೇರೆ. ತೂತಿನ ಅಂಚಿನಿಂದ ಗಾಜಿನ ಅಂಚಿಗೆ ಕಮ್ಮಿ ಎಂದರೂ ತೂತಿನ ಅಗಲದಷ್ಟು ಜಾಗ ಬಿಡಿ. ಡೈಮಂಡ್ ಬಿಟ್, ನಿಧಾನ ಓಟ, ಹ್ಯಾಮರ್ ಆಫ್. ಸುತ್ತ ಚಪಾತಿ ಹಿಟ್ಟಿನಿಂದ ಕಟ್ಟೆ ಕಟ್ಟಿ ಒಳಗೆ ನೀರು ನಿಲ್ಲಿಸಿದರೆ ಬಿಟ್ಟೂ ಬಿಸಿಯಾಗುವುದಿಲ್ಲ, ಗಾಜೂ ಬಿರಿಯುವುದಿಲ್ಲ. ಡ್ರಿಲ್ಲಿನ ಭಾರವೇ ಸಾಕು, ಮೇಲಿಂದ ಅದುಮಬೇಡಿ. ಕೊನೆಗೆ ಬರುವಾಗ ಇನ್ನೂ ಹಗುರ ಮಾಡಿ, ಇಲ್ಲದಿದ್ದರೆ ಕೆಳಗಿನ ಬದಿಯಲ್ಲಿ ಚಿಪ್ಪು ಎದ್ದು ವಾಷರ್ ಕೂರುವುದಿಲ್ಲ.

ನಿಮ್ಮದು ಬಿಚ್ಚಿ ಹಾಕಿದ ಮೇಲೆ ಟ್ಯಾಂಕ್ ತುಂಬಿ, ನಿಪ್ಪಲ್ ಕೆಳಗೆ ಒಣ ಪೇಪರ್ ಇಟ್ಟು ಒಂದು ದಿನ ಪೂರ್ತಿ ಬಿಡಿ. ಪೇಪರ್ ಒಣಗಿದ್ದರೆ ಮರಳು, ಮೀನು ಹಾಕಬಹುದು. ಒದ್ದೆಯಾಗಿದ್ದರೆ ವಾಷರ್ ಬದಲಾಯಿಸಿ, ಐದು ಹತ್ತು ರೂಪಾಯಿಯ ಮಾಲು.